ಲಘು-ಗುರು ಚಿಹ್ನೆಗಳ ಗಣಕಬರಹ: ಜ್ಯಾಮಿತೀಯ ಚಿಹ್ನೆಗಳು ಮತ್ತು ಕನ್ನಡ ಶಾಸ್ತ್ರಪಠ್ಯ

ಛಂದಸ್ಸು, ವ್ಯಾಕರಣ, ಶಾಸನ, ಗ್ರಂಥಸಂಪಾದನೆ ಈ ಕ್ಷೇತ್ರಗಳಲ್ಲಿ ಬರೆಯುವವರಿಗೆ ಅಕ್ಷರಗಳ ಜೊತೆಗೆ ಅಕ್ಷರಗಳಲ್ಲದ ಕೆಲವು ಗುರುತುಗಳೂ ಬೇಕಾಗುತ್ತವೆ. ಲಘುವಿಗೆ ಬಟ್ಟಲಿನ ಆಕಾರದ ಗೆರೆ, ಗುರುವಿಗೆ ಅಡ್ಡಗೆರೆ, ಗಣವಿಭಜನೆಗೆ ನಿಲುಗೆರೆ, ಸ್ವರಚಿಹ್ನೆಯನ್ನು ಬಿಡಿಯಾಗಿ ತೋರಿಸಲು ಚುಕ್ಕಿವೃತ್ತ, ಶಾಸನದಲ್ಲಿ ಅಳಿದುಹೋದ ಅಕ್ಷರಕ್ಕೆ ಚುಕ್ಕಿಗಳು, ಇವೆಲ್ಲ ನಮ್ಮ ಶಾಸ್ತ್ರಬರಹದ ಅಂಗಗಳೇ ಆಗಿವೆ. ಮೊಳೆಯಚ್ಚಿನ ಕಾಲದಲ್ಲಿ ಇವುಗಳ ಹೊಣೆ ಅಚ್ಚುಮೊಳೆ ಜೋಡಿಸುವವರದಾಗಿತ್ತು. ಕರಡು ತಿದ್ದುವಾಗ ಗೆರೆ ಸರಿಯಾಗಿ ಕಂಡರೆ ಕೆಲಸ ಮುಗಿಯಿತು. ಗಣಕಯಂತ್ರದಲ್ಲಿ ಹಾಗಲ್ಲ. ಇಲ್ಲಿ ಕಾಣುವ ರೂಪ ಒಂದು, ಕಡತದೊಳಗೆ ಉಳಿಯುವ ಸಂಕೇತ ಇನ್ನೊಂದು. ರೂಪ ಸರಿಯಾಗಿದ್ದೂ ಸಂಕೇತ ತಪ್ಪಾಗಿದ್ದರೆ ಆ ಬರಹ ಮುದ್ರಣದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಹುಡುಕಲು, ಹೋಲಿಸಲು, ಜಾಲತಾಣಕ್ಕೆ ಏರಿಸಲು ಹೊರಟಾಗ ಕೈಕೊಡುತ್ತದೆ. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ಛಂದಸ್ಸಿನ ಚಿಹ್ನೆಗಳನ್ನು, ಪ್ರಾಸಂಗಿಕವಾಗಿ ಇತರ ಜ್ಯಾಮಿತೀಯ ಚಿಹ್ನೆಗಳನ್ನು ಇಟ್ಟುಕೊಂಡು ಈ ಸಮಸ್ಯೆಯನ್ನು ಪರಿಶೀಲಿಸಲಾಗಿದೆ.

ಈ ವಿಷಯದತ್ತ ನನ್ನ ಗಮನ ಹರಿದುದು ಶಾಸ್ತ್ರಾಸಕ್ತಿಯಿಂದಲ್ಲ, ಪೇಚಿಗೆ ಸಿಲುಕಿದ್ದರಿಂದ. ನನ್ನ ಮಹಾಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ವೃತ್ತಗಳ ಪ್ರಸ್ತಾರಪಟ್ಟಿಗಳಿದ್ದವು. ಧಾರವಾಡದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅದನ್ನು ಹಳೆಯ ಪದ್ಧತಿಯ ಕನ್ನಡ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಸಲಾಗಿತ್ತು. ಲಘುವಿಗೆ ರೋಮನ್ ವರ್ಣಮಾಲೆಯ ದೊಡ್ಡ ‘ಯು’ ಅಕ್ಷರವನ್ನೂ ಗುರುವಿಗೆ ಕೀಲಿಮಣೆಯ ಸಣ್ಣ ಅಡ್ಡಗೆರೆಯನ್ನೂ ಬಳಸಲಾಗಿತ್ತು. ಕಾಗದದ ಮೇಲೆ ಯಾವ ದೋಷವೂ ಕಾಣುತ್ತಿರಲಿಲ್ಲ. ಮುಂದೆ ಪುಟಗಳ ಅಂದಕ್ಕಾಗಿ ಇಡೀ ಕಡತವನ್ನು ಆಯ್ದು ಒಂದೇ ಅಕ್ಷರವಿನ್ಯಾಸಕ್ಕೆ ತಂದಾಗ ಲಘುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ತಲಕಟ್ಟಿಲ್ಲದ ಗಕಾರದ ಸಾಲುಗಳು ಮೂಡಿದವು. ಛಂದಸ್ಸಿನ ಸಂಕ್ಷೇಪದಲ್ಲಿ ‘ಲ’ ಎಂದರೆ ಲಘು, ‘ಗ’ ಎಂದರೆ ಗುರು ಎಂಬುದು ಓದುಗರಿಗೆ ತಿಳಿದೇ ಇದೆ. ಲಘುವಿದ್ದಲ್ಲೆಲ್ಲ ಗುರುವಿನ ಸಂಕ್ಷೇಪವೇ ಬಂದು ಕುಳಿತುದನ್ನು ಕಂಡು ಅಂದು ನಗುವಷ್ಟು ವ್ಯವಧಾನ ನನಗಿರಲಿಲ್ಲ. ಪಟ್ಟಿಗಳನ್ನೆಲ್ಲ ಮತ್ತೆ ಕೈಯಾರೆ ತಿದ್ದಬೇಕಾಯಿತು.

ಹೀಗಾಗಲು ಕಾರಣ ಸರಳವಾದುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಪುಗೊಂಡ ಕನ್ನಡ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯಾಸ್ಥಾನಗಳಲ್ಲೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ‘ಯು’ ಇರಬೇಕಾದ 85ನೆಯ ಸ್ಥಾನದಲ್ಲಿ ತಲಕಟ್ಟಿಲ್ಲದ ‘ಗ’ ಇತ್ತು. ‘ಕನ್ನಡ’ ಎಂದು ಬರೆದ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು ಕಾಣಿಸಿಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದ ಉಪಕಾರ ದೊಡ್ಡದು; ಅಂದಿನ ಯಂತ್ರಗಳಲ್ಲಿ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ಏರ್ಪಾಡಿನಲ್ಲಿ ಕಡತಕ್ಕೆ ತಾನು ಯಾವ ಭಾಷೆಯದೆಂಬುದೇ ತಿಳಿದಿರಲಿಲ್ಲ. ಕನ್ನಡವೆಂಬುದು ಕಣ್ಣಿಗೆ ಮಾತ್ರ ಇತ್ತು. ಅಕ್ಷರಗಳ ಮಟ್ಟಿಗೆ ಈ ತೊಡಕನ್ನು ಬಿಡಿಸಲು ಇಂದು ಪರಿವರ್ತಕಗಳಿವೆ. ಚಿಹ್ನೆಗಳ ಮಟ್ಟಿಗೆ ಪರಿವರ್ತಕಗಳು ಅಷ್ಟು ನೆರವಾಗುವುದಿಲ್ಲ. ‘ಯು’ ಎಂಬುದು ಎಲ್ಲಿ ಗಕಾರದ ತುಂಡು, ಎಲ್ಲಿ ಲಘು ಎಂದು ಯಂತ್ರ ಊಹಿಸಲಾರದು.

1

ಯೂನಿಕೋಡಿನ ಮೊದಲ ಆವೃತ್ತಿ ಬಂದುದು 1991ರಲ್ಲಿ. ಅದರ ಮೂಲತತ್ತ್ವವೆಂದರೆ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಅದರದೇ ಆದ ಒಂದು ಸಂಖ್ಯೆ. ಅಕ್ಷರವಿನ್ಯಾಸ ಬದಲಾದರೂ ಸಂಖ್ಯೆ ಬದಲಾಗದು. ದಶಮಾನ ಲೆಕ್ಕದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ ಸ್ಥಾನಗಳು ಕನ್ನಡಕ್ಕೆ ಸೇರಿವೆ. 9632ರಿಂದ 9727ರವರೆಗಿನ 96 ಸ್ಥಾನಗಳು ಜ್ಯಾಮಿತೀಯ ಆಕಾರಗಳಿಗೆ, ಎಂದರೆ ಚೌಕ, ತ್ರಿಕೋನ, ವಜ್ರಾಕೃತಿ, ವೃತ್ತಗಳಿಗೆ ಮೀಸಲಾಗಿವೆ. (ತಾಂತ್ರಿಕ ಗ್ರಂಥಗಳಲ್ಲಿ ಈ ಸಂಖ್ಯೆಗಳನ್ನು ಷೋಡಶಮಾನದಲ್ಲಿ ಕೊಡುವುದು ರೂಢಿ. ಜಾಲಪುಟದ ಎಚ್‌ಟಿಎಂಎಲ್ ಬರಹದಲ್ಲಿ ದಶಮಾನ ಸಂಖ್ಯೆಯೂ ಸಲ್ಲುತ್ತದೆಯಾದ್ದರಿಂದ ಇಲ್ಲಿ ಅದನ್ನೇ ಬಳಸಿದೆ.)

ಈಗ ಲಘುವನ್ನು ನೋಡಬಹುದು. ಬಟ್ಟಲಿನಂತೆ ಕಾಣುವ ಗುರುತುಗಳು ಒಂದಲ್ಲ, ಕನಿಷ್ಠ ನಾಲ್ಕಿವೆ. 85ನೆಯದು ರೋಮನ್ ‘ಯು’. 728ನೆಯದು ರೋಮನ್ ಸ್ವರಗಳ ಹ್ರಸ್ವತ್ವವನ್ನು ಸೂಚಿಸುವ ಪುಟ್ಟ ಕೊಂಕು. 8746ನೆಯದು ‘∪’, ಗಣಿತದ ಗಣಸಿದ್ಧಾಂತದಲ್ಲಿ ಎರಡು ಗಣಗಳ ಸಂಯೋಗವನ್ನು ಸೂಚಿಸುವ ಚಿಹ್ನೆ. ಕನ್ನಡ ಪಠ್ಯಗಳಲ್ಲಿ ಲಘುವಾಗಿ ಹೆಚ್ಚಾಗಿ ಕಾಣುವುದು ಇದೇ. 9169ನೆಯದು ‘⏑’, ಛಂದಸ್ಸಿನ ಹ್ರಸ್ವಕ್ಕೆಂದೇ ಮೀಸಲಾದುದು. 2005ರ ಮಾರ್ಚ್ ತಿಂಗಳಲ್ಲಿ ಪ್ರಕಟವಾದ 4.1ನೆಯ ಆವೃತ್ತಿಯಲ್ಲಿ ಇದು ಸೇರಿತು. ಇದರ ಜೊತೆಗೆ 9177ರವರೆಗೆ ಇನ್ನೂ ಎಂಟು ಛಂದೋಚಿಹ್ನೆಗಳಿವೆ. ಇವು ಸೇರಿದ್ದು ಗ್ರೀಕ್ ಛಂದಸ್ಸಿನ ವಿದ್ವಾಂಸರ ಅಗತ್ಯಕ್ಕಾಗಿ. ಆದರೆ ಬಟ್ಟಲು ಮತ್ತು ಅಡ್ಡಗೆರೆಗಳೆರಡೂ ಮೂಲತಃ ಗ್ರೀಕ್-ಲ್ಯಾಟಿನ್ ಛಂದಸ್ಸಿನ ಗುರುತುಗಳೇ ಆಗಿರುವುದರಿಂದ ಅವು ನಮಗೂ ಒದಗುತ್ತವೆ. ಹಿಂದಿಯ ಛಂದೋಗ್ರಂಥಗಳಲ್ಲಿ ಲಘುವಿಗೆ ನಿಲುಗೆರೆಯನ್ನೂ ಗುರುವಿಗೆ ಅವಗ್ರಹದಂಥ ಡೊಂಕುಗೆರೆಯನ್ನೂ ಹಾಕುವ ಬೇರೊಂದು ಸಂಪ್ರದಾಯವಿದೆ. ಕನ್ನಡ ಮುದ್ರಣ ಮಾತ್ರ ಪಾಶ್ಚಾತ್ಯ ಗುರುತುಗಳನ್ನೇ ಹಿಡಿದಿದೆ. ನಾಗವರ್ಮನ ‘ಛಂದೋಂಬುಧಿ’ ಕಿಟ್ಟೆಲರ ಸಂಪಾದಕತ್ವದಲ್ಲಿ ಮಂಗಳೂರಿನಲ್ಲಿ ಅಚ್ಚಾದುದು 1875ರಲ್ಲಿ. ನಮ್ಮ ಛಂದೋವಿವೇಚನೆ ಆಧುನಿಕ ಮುದ್ರಣದೊಡನೆ ಎಷ್ಟು ಬೇಗ ಬೆಸೆದುಕೊಂಡಿತೆಂಬುದಕ್ಕೆ ಅದು ಸಾಕ್ಷಿ.

ಗುರುವಿಗೆ ಯೂನಿಕೋಡಿನಲ್ಲಿ ಹೀಗೊಂದು ಮೀಸಲು ಸ್ಥಾನವಿಲ್ಲ. ಕೀಲಿಮಣೆಯ 45ನೆಯ ಕಿರುಗೆರೆ, 8211ರ ನಡುಗೆರೆ, 8212ರ ಉದ್ದಗೆರೆ, 8722ರ ಗಣಿತದ ಋಣಚಿಹ್ನೆ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು 8211ರ ನಡುಗೆರೆಯನ್ನು ಆರಿಸಿಕೊಂಡಿದ್ದೇನೆ. ಕಿರುಗೆರೆ ಸಮಾಸಪದಗಳ ನಡುವೆಯೂ ಬರುವುದರಿಂದ ಹುಡುಕುವಾಗ ಗೊಂದಲವಾಗುತ್ತದೆ. ಅಲ್ಲದೆ ಎರಡು ಕಿರುಗೆರೆ ಒಟ್ಟಿಗೆ ಬಂದರೆ ಕೆಲವು ಪದಸಂಸ್ಕಾರಕಗಳು ಅವನ್ನು ತಾವಾಗಿಯೇ ಒಂದು ಉದ್ದಗೆರೆಯಾಗಿ ಮಾರ್ಪಡಿಸುತ್ತವೆ. ಮಗಣದಲ್ಲಿ ಒಂದು ಗುರು ಕಾಣೆಯಾದರೆ ಅದು ಮಗಣವಾಗಿ ಉಳಿಯುವುದಿಲ್ಲ.

ಯಾವುದನ್ನು ಆರಿಸಿದರೂ ಒಂದು ಕೃತಿಯುದ್ದಕ್ಕೂ ಅದನ್ನೇ ಬಳಸುವುದರಿಂದ ಆಗುವ ಪ್ರಯೋಜನಕ್ಕೆ ಒಂದು ನಿದರ್ಶನ ಕೊಡಬಹುದು. ಉತ್ಪಲಮಾಲೆಯ ಪಾದ ಇಪ್ಪತ್ತು ಅಕ್ಷರಗಳದು, ಚಂಪಕಮಾಲೆಯದು ಇಪ್ಪತ್ತೊಂದು ಅಕ್ಷರಗಳದು.

ಉತ್ಪಲಮಾಲೆ: – ⏑ ⏑ | – ⏑ – | ⏑ ⏑ ⏑ | – ⏑ ⏑ | – ⏑ ⏑ | – ⏑ – | ⏑ –

ಚಂಪಕಮಾಲೆ: ⏑ ⏑ ⏑ | ⏑ – ⏑ | – ⏑ ⏑ | ⏑ – ⏑ | ⏑ – ⏑ | ⏑ – ⏑ | – ⏑ –

ಭ ರ ನ ಭ ಭ ರ ಲ ಗ, ನ ಜ ಭ ಜ ಜ ಜ ರ ಎಂದು ಗಣಗಳ ಹೆಸರಿನಿಂದ ಓದಿದರೆ ಇವೆರಡರ ನಂಟು ಸುಲಭವಾಗಿ ತೋರುವುದಿಲ್ಲ. ಗಣವಿಭಜನೆಯ ಗೆರೆಗಳನ್ನು ತೆಗೆದುಹಾಕಿ ಹೋಲಿಸಿದರೆ ಕೊನೆಯ ಹತ್ತೊಂಬತ್ತು ಚಿಹ್ನೆಗಳು ಎರಡರಲ್ಲೂ ಒಂದೇ ಆಗಿವೆ. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಚಂಪಕಮಾಲೆಯಾಗುತ್ತದೆ. ಇದು ಹೊಸ ಸಂಗತಿಯೇನಲ್ಲ, ಬಲ್ಲವರೆಲ್ಲ ಬಲ್ಲ ಮಾತು. ಆದರೆ ಇಪ್ಪತ್ತು ಅಕ್ಷರದ ಪಾದಕ್ಕೆ ಶಾಸ್ತ್ರದ ಲೆಕ್ಕದಲ್ಲಿ 10,48,576 ಪ್ರಸ್ತಾರಭೇದಗಳಿವೆ. ಹೆಸರು ಗೊತ್ತಿಲ್ಲದ ವೃತ್ತವೊಂದು ಶಾಸನದಲ್ಲೋ ಚಂಪೂಕಾವ್ಯದಲ್ಲೋ ಎದುರಾದಾಗ ಅದರ ಚಿಹ್ನೆಸಾಲನ್ನು ಕೊಟ್ಟು ‘ಇದು ಬೇರೆಲ್ಲಿ ಬಂದಿದೆ’ ಎಂದು ಹುಡುಕುವ ಅನುಕೂಲ ಎಲ್ಲರೂ ಒಂದೇ ಸಂಕೇತವನ್ನು ಬಳಸಿದರೆ ಮಾತ್ರ ದೊರೆಯುತ್ತದೆ. ಒಬ್ಬರು ‘ಯು’ ಎಂದೂ, ಇನ್ನೊಬ್ಬರು ಗಣಿತದ ಸಂಯೋಗಚಿಹ್ನೆ ಎಂದೂ, ಮತ್ತೊಬ್ಬರು ಚಿತ್ರವಾಗಿಯೂ ಕೊಟ್ಟಿದ್ದರೆ ಶೋಧಗಂಗಾದಲ್ಲಿ ಪ್ರಬಂಧಗಳು ಎಷ್ಟೇ ಸೇರಿದರೂ ಅವು ಒಂದರೊಡನೊಂದು ಮಾತಾಡವು.

2

ಅಕ್ಷರವೃತ್ತಗಳಿಗೆ ಎರಡು ಚಿಹ್ನೆಗಳು ಸಾಕು. ಅಂಶಛಂದಸ್ಸಿಗೆ ಸಾಲವು. ಕನ್ನಡದ ದೇಸಿ ಮಟ್ಟುಗಳಾದ ತ್ರಿಪದಿ, ಸಾಂಗತ್ಯ, ಅಕ್ಕರಗಳನ್ನು ಕುರಿತು ಬರೆಯುವಾಗ ನಮ್ಮ ಚಿಹ್ನೆಪದ್ಧತಿಯ ಬಡತನ ಎದ್ದು ಕಾಣುತ್ತದೆ. ಅಂಶಗಣದ ನಿಯಮವನ್ನು ನೆನಪಿಸಿಕೊಳ್ಳುವುದಾದರೆ, ಗಣದ ಮೊದಲ ಅಂಶದಲ್ಲಿ ಒಂದು ಗುರು ಅಥವಾ ಎರಡು ಲಘು ಬರಬಹುದು. ಉಳಿದ ಅಂಶಗಳಲ್ಲಿ ಒಂದು ಗುರು ಅಥವಾ ಒಂದು ಲಘು ಬರಬಹುದು. ಎರಡು ಅಂಶಗಳದು ಬ್ರಹ್ಮಗಣ, ಮೂರರದು ವಿಷ್ಣುಗಣ, ನಾಲ್ಕರದು ರುದ್ರಗಣ. ಇವಕ್ಕೆ ಕ್ರಮವಾಗಿ 4, 8, 16 ರೂಪಗಳಾಗುತ್ತವೆ. ಪಠ್ಯಪುಸ್ತಕಗಳಲ್ಲಿ ಈ ರೂಪಗಳನ್ನೆಲ್ಲ ಒಂದೊಂದಾಗಿ ಪಟ್ಟಿಮಾಡುವುದು ವಾಡಿಕೆ. ಪಟ್ಟಿ ಉದ್ದವಾಗುತ್ತದೆ, ನಿಯಮ ಮರೆಯಾಗುತ್ತದೆ. ವಿದ್ಯಾರ್ಥಿ ಹದಿನಾರು ರೂಪಗಳನ್ನು ಬಾಯಿಪಾಠ ಮಾಡುತ್ತಾನೆಯೇ ಹೊರತು ‘ಇದು ಗುರುವೂ ಆಗಬಹುದಾದ, ಎರಡು ಲಘುವೂ ಆಗಬಹುದಾದ ಒಂದೇ ಸ್ಥಾನ’ ಎಂಬುದನ್ನು ಕಾಣುವುದಿಲ್ಲ. ಅಂಶಗಣದ ತಿರುಳೇ ಅದು.

ಮೇಲೆ ಹೇಳಿದ ಛಂದೋಚಿಹ್ನೆಗಳಲ್ಲಿ ಎರಡು ಈ ಕೊರತೆಯನ್ನು ತುಂಬುವಂತಿವೆ. 9172ನೆಯದು ‘⏔’: ಮೇಲೆ ಒಂದು ದೀರ್ಘ, ಕೆಳಗೆ ಎರಡು ಹ್ರಸ್ವ. 9170ನೆಯದು ‘⏒’: ಮೇಲೆ ಒಂದು ದೀರ್ಘ, ಕೆಳಗೆ ಒಂದು ಹ್ರಸ್ವ. ಗ್ರೀಕ್ ಪದ್ಯಗಳಲ್ಲಿಯೂ ದೀರ್ಘದ ಜಾಗದಲ್ಲಿ ಎರಡು ಹ್ರಸ್ವಗಳು ಬರಬಹುದಾದ ಸ್ಥಾನಗಳಿರುವುದರಿಂದ ಇಂಥ ಗುರುತುಗಳು ಹುಟ್ಟಿದವು. ಕನ್ನಡದ ಅಂಶಗಣಕ್ಕೆ ಇವನ್ನು ಅನ್ವಯಿಸಿದರೆ ಬ್ರಹ್ಮಗಣ ⏔⏒ ಎಂದೂ, ವಿಷ್ಣುಗಣ ⏔⏒⏒ ಎಂದೂ, ರುದ್ರಗಣ ⏔⏒⏒⏒ ಎಂದೂ ಆಗುತ್ತದೆ. ಒಟ್ಟು 28 ರೂಪಗಳ ಪಟ್ಟಿ ಮೂರು ಸಾಲಿಗೆ ಇಳಿಯಿತು. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಮಿಕ್ಕವು ವಿಷ್ಣುಗಣ:

⏔⏒⏒ | ⏔⏒⏒ | ⏔⏒⏒ | ⏔⏒⏒

⏔⏒⏒ | ⏔⏒ | ⏔⏒⏒ | ⏔⏒⏒

⏔⏒⏒ | ⏔⏒ | ⏔⏒⏒

ಇಲ್ಲಿ ಇರುವುದು 31 ಚಿಹ್ನೆಗಳು. ಪ್ರತಿಯೊಂದಕ್ಕೂ ಎರಡು ಸಾಧ್ಯತೆಗಳಿರುವುದರಿಂದ ಶಾಸ್ತ್ರದ ಲೆಕ್ಕದಲ್ಲಿ ಒಂದು ತ್ರಿಪದಿಗೆ ಇನ್ನೂರ ಹದಿನಾಲ್ಕು ಕೋಟಿಗೂ ಮಿಕ್ಕ ರೂಪಗಳಾಗುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳೂ, ನಮ್ಮ ಕಡೆಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳೂ ಈ ಚೌಕಟ್ಟಿನಲ್ಲಿ ಎಲ್ಲೆಲ್ಲಿ ನಿಲ್ಲುತ್ತವೆ, ಎಲ್ಲಿ ಅಂಶಗಣ ಸಡಿಲಿ ಮಾತ್ರಾಗಣದತ್ತ ವಾಲುತ್ತದೆ ಎಂಬುದು ಡಿ.ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’, ಟಿ.ವಿ. ವೆಂಕಟಾಚಲ ಶಾಸ್ತ್ರಿಯವರ ‘ಕನ್ನಡ ಛಂದಃಸ್ವರೂಪ’ಗಳ ಓದುಗರಿಗೆ ಪರಿಚಿತವಾದ ಚರ್ಚೆ. ಆ ಚರ್ಚೆಯನ್ನು ಮುಂದುವರಿಸುವವರು ಚೌಕಟ್ಟಿನ ಸಾಲನ್ನು ಮೇಲೆ ಬರೆದು, ಅದರ ಕೆಳಗೆ ಪದ್ಯದ ನಿಜವಾದ ⏑ ಮತ್ತು – ಗಳನ್ನು ಬರೆದರೆ ವಾಲಿಕೆ ಎಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಒಂದು ಅಡಚಣೆಯನ್ನು ಮುಚ್ಚಿಡಬಾರದು. ಈ ಛಂದೋಚಿಹ್ನೆಗಳ ಆಕೃತಿಗಳು ಸಾಮಾನ್ಯವಾಗಿ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಸೇರಿರುವುದಿಲ್ಲ. ಯಂತ್ರವು ಬೇರೊಂದು ಅಕ್ಷರವಿನ್ಯಾಸದಿಂದ ಅವನ್ನು ಎರವಲು ತರುತ್ತದೆ. ಎರವಲು ಸಿಗದಿದ್ದಾಗ ಆ ಜಾಗದಲ್ಲಿ ಬರಿದಾದ ಚೌಕ ಕಾಣುತ್ತದೆ. ತಂತ್ರಜ್ಞರು ಇದನ್ನು ‘ತೋಫು’ ಎಂದು ಪರಿಹಾಸ್ಯವಾಗಿ ಕರೆಯುತ್ತಾರೆ. ಇಂಥ ತೋಫು ಇರಬಾರದೆಂಬ ಆಶಯದಿಂದಲೇ ‘ನೋಟೊ’ ಎಂಬ ಅಕ್ಷರವಿನ್ಯಾಸ ಮಾಲೆಗೆ ಆ ಹೆಸರು ಬಂದಿತು. ಚೌಕ ಕಂಡಿತೆಂದು ಬರಹ ಕೆಟ್ಟಿತೆಂದು ತಿಳಿಯಬೇಕಿಲ್ಲ. ಕಡತದಲ್ಲಿ ಸಂಖ್ಯೆ ಸರಿಯಾಗಿಯೇ ಇರುತ್ತದೆ, ತಕ್ಕ ಅಕ್ಷರವಿನ್ಯಾಸ ಒದಗಿದೊಡನೆ ಚಿಹ್ನೆ ಮೂಡುತ್ತದೆ. ‘ಯು’ವನ್ನು ಲಘುವಾಗಿ ಬಳಸಿದ ಕಡತದ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು: ಅಲ್ಲಿ ಕಣ್ಣಿಗೆ ಎಲ್ಲ ಸರಿಯಾಗಿದ್ದು ಒಳಗೆ ತಪ್ಪಿರುತ್ತದೆ. ಮೊದಲನೆಯ ತೊಂದರೆಯನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಸರಿಪಡಿಸಬಹುದು. ಎರಡನೆಯದನ್ನು ವಿಷಯ ಬಲ್ಲವರು ಕುಳಿತು ಒಂದೊಂದೇ ತಿದ್ದಬೇಕು. ಮುದ್ರಣಕ್ಕೆ ಕೊಡುವಾಗ ಚಿಹ್ನೆಗಳಿರುವ ಅಕ್ಷರವಿನ್ಯಾಸವನ್ನು ಪಿಡಿಎಫ್ ಕಡತದೊಳಗೇ ಅಡಕಗೊಳಿಸಿದರೆ ತೋಫುವಿನ ಭಯವಿರದು.

3

ಶಾಸನಪಾಠಗಳಲ್ಲಿ ಈ ಚಿಹ್ನೆಗಳ ಬೆಲೆ ಇನ್ನೂ ಹೆಚ್ಚಿನದು. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಕಾಲದಿಂದ ಈ ಭಾಗದಲ್ಲಿ ಶಾಸನಗಳ ಓದು ಒಂದು ಪರಂಪರೆಯಾಗಿ ಬೆಳೆದುಬಂದಿದೆ. ಅಳಿದ ಅಕ್ಷರಗಳಿಗೆ ಚುಕ್ಕಿಗಳನ್ನು ಹಾಕುವುದು, ಮಸುಕಾದವನ್ನು ಚೌಕಕಂಸದಲ್ಲಿಡುವುದು ಎಲ್ಲರಿಗೂ ತಿಳಿದ ಕ್ರಮ. ಪದ್ಯಭಾಗದಲ್ಲಿ ಅಕ್ಷರಗಳು ಅಳಿದಾಗ ‘ಎಪಿಗ್ರಾಫಿಯಾ ಇಂಡಿಕಾ’ದ ಸಂಪಾದಕರು ಚುಕ್ಕಿಗಳ ಬದಲು ಲಘು-ಗುರು ಚಿಹ್ನೆಗಳನ್ನು ಹಾಕುವುದುಂಟು. ಇದು ಬಹು ಜಾಣತನದ ಕ್ರಮ. ಉತ್ಪಲಮಾಲೆಯ ಪಾದವೊಂದರಲ್ಲಿ ಏಳು, ಎಂಟು, ಒಂಬತ್ತನೆಯ ಅಕ್ಷರಗಳು ಚಕ್ಕೆ ಎದ್ದುಹೋಗಿವೆಯೆನ್ನಿ. ಮೂರು ಚುಕ್ಕಿ ಹಾಕಿದರೆ ಮೂರು ಅಕ್ಷರ ಹೋಗಿವೆ ಎಂದಷ್ಟೇ ತಿಳಿಯುತ್ತದೆ. ⏑⏑⏑ ಎಂದು ಬರೆದರೆ ಹೋದವು ಮೂರೂ ಲಘುಗಳು ಎಂಬುದೂ ತಿಳಿಯುತ್ತದೆ. ಅಲ್ಲಿ ಯಾವ ಪದ ಕೂರಬಹುದು, ಯಾವುದು ಕೂರಲಾರದು ಎಂಬ ವಿಚಾರಕ್ಕೆ ದಾರಿಯಾಗುತ್ತದೆ. ಅಕ್ಷರ ಹೋದರೂ ಅದರ ತೂಕ ಉಳಿದಿರುತ್ತದೆ. ಅಂಥ ಪಾಠವನ್ನು ಗಣಕಕ್ಕೆ ಇಳಿಸುವಾಗ ಈ ಗುರುತುಗಳು ಕಿರುಗೆರೆಗಳೋ ‘ಯು’ಗಳೋ ಆಗಿಬಿಟ್ಟರೆ ನಷ್ಟವಾಗುವುದು ಅಲಂಕಾರವಲ್ಲ, ಆಧಾರ.

ಕಳೆದ ಅಕ್ಷರಕ್ಕೆ ಬರಿದಾದ ಚೌಕವನ್ನು (9633) ಹಾಕುವ ಪದ್ಧತಿ ಚೀನೀ ಗ್ರಂಥಸಂಪಾದನೆಯಲ್ಲಿದೆ. ನಮ್ಮಲ್ಲಿಯೂ ಇದನ್ನು ಅನುಸರಿಸಬಹುದೇ ಎಂದು ಯೋಚಿಸಿದವನಿಗೆ ತೋಫುವಿನ ನೆನಪಾಗಬೇಕು. ಸಂಪಾದಕನು ಇಟ್ಟ ಚೌಕವಾವುದು, ಯಂತ್ರ ಇಟ್ಟ ಚೌಕವಾವುದು ಎಂದು ಓದುಗ ಗುರುತಿಸಲಾರ. ಆದ್ದರಿಂದ ಕನ್ನಡದ ಮಟ್ಟಿಗೆ ಚೌಕ ಬೇಡವೆಂಬುದು ನನ್ನ ಅಭಿಪ್ರಾಯ. ಗ್ರೀಕ್-ಲ್ಯಾಟಿನ್ ಶಾಸನತಜ್ಞರು 1931ರಲ್ಲಿ ಲೈಡನ್‌ನಲ್ಲಿ ಸೇರಿ ಇಂಥ ಸಂಪಾದನಚಿಹ್ನೆಗಳ ಬಗೆಗೆ ಒಂದು ಒಡಂಬಡಿಕೆಗೆ ಬಂದರು. ಕನ್ನಡದಲ್ಲಿ ಡಿ.ಎಲ್. ನರಸಿಂಹಾಚಾರ್ಯರಿಂದ ಎಂ.ಎಂ. ಕಲಬುರ್ಗಿಯವರವರೆಗೆ ಗ್ರಂಥಸಂಪಾದನ ಶಾಸ್ತ್ರವನ್ನು ಕುರಿತು ಬೆಲೆಯುಳ್ಳ ಗ್ರಂಥಗಳು ಬಂದಿವೆ. ಅವುಗಳ ತತ್ತ್ವಗಳನ್ನು ಗಣಕಸಂಕೇತಗಳ ಮಟ್ಟಕ್ಕೆ ಇಳಿಸಿ, ಯಾವ ಗುರುತಿಗೆ ಯಾವ ಸಂಖ್ಯೆ ಎಂದು ಗೊತ್ತುಮಾಡುವ ಕೆಲಸಕ್ಕೆ ನಮ್ಮ ಕನ್ನಡ ವಿಭಾಗಗಳೇ ತೊಡಗಬೇಕಾಗಿದೆ.

ಚಿತ್ರವಾಗಿಯೇ ಉಳಿದಿದ್ದ ಚಿಹ್ನೆಯೊಂದು ಸಂಖ್ಯೆಯನ್ನು ಪಡೆದುದಕ್ಕೆ ಇತ್ತೀಚಿನ ಉದಾಹರಣೆಯೂ ಇದೆ. ಬರಹದ ಆರಂಭದಲ್ಲಿ ಮಂಗಳಸೂಚಕವಾಗಿ ಇಡುವ ‘ಸಿದ್ಧಂ’ ಗುರುತಿನ ಕನ್ನಡ ರೂಪವು 2018ರಲ್ಲಿ ಯೂನಿಕೋಡಿನ 11ನೆಯ ಆವೃತ್ತಿಯಲ್ಲಿ 3204ನೆಯ ಸ್ಥಾನವನ್ನು ಪಡೆಯಿತು. ಇನ್ನು ಮುಂದೆ ಅದನ್ನು ‘ಇಲ್ಲಿ ಒಂದು ಸುರುಳಿ ಇದೆ’ ಎಂದು ಅಡಿಟಿಪ್ಪಣಿಯಲ್ಲಿ ವರ್ಣಿಸಬೇಕಾಗಿಲ್ಲ.

4

ವೃತ್ತಾಕಾರದ ಗುರುತುಗಳ ಬಗೆಗೆ ಎರಡು ಮಾತು ಹೇಳಬೇಕು. ಕನ್ನಡಿಗರಿಗೆ ವೃತ್ತವೆಂದರೆ ಮೊದಲು ಸೊನ್ನೆ. ಓಲೆಗರಿ, ಶಾಸನಗಳಲ್ಲಿ ಸೊನ್ನೆ ಅನುಸ್ವಾರವಾಗಿಯಷ್ಟೇ ಅಲ್ಲದೆ ‘ಮಂಣು’, ‘ಕಂಣು’ಗಳಲ್ಲಿರುವಂತೆ ಅನುನಾಸಿಕದ ದ್ವಿತ್ವಕ್ಕೂ ಸಲ್ಲುತ್ತಿತ್ತು. ಒಂದೇ ರೂಪ ಹಲವು ಕೆಲಸ ಮಾಡುವುದು ಲಿಪಿಗೆ ಹೊಸದಲ್ಲ. ಓದುವವನು ಸಂದರ್ಭದಿಂದ ತಿಳಿಯುತ್ತಿದ್ದ. ಗಣಕ ಹಾಗೆ ತಿಳಿಯಲಾರದು. ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯದು 3302, ಜ್ಯಾಮಿತಿಯ ಬರಿವೃತ್ತದ್ದು 9675. ‘ಕಂದ’ ಎಂಬ ಪದವನ್ನು ಅನುಸ್ವಾರದ ಬದಲು ಅಂಕಿಯ ಸೊನ್ನೆಯಿಂದ ಬೆರಳಚ್ಚಿಸಿದರೆ ಅದು ‘ಕ೦ದ’ ಎಂದು ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಆದರೆ ಹುಡುಕಿದಾಗ ಸಿಗುವುದಿಲ್ಲ, ಅಕಾರಾದಿಯಲ್ಲಿ ತಪ್ಪು ಜಾಗದಲ್ಲಿ ಕೂರುತ್ತದೆ. ಪದಸೂಚಿ ಸಿದ್ಧಪಡಿಸುವವರು ಕಡತವನ್ನು ಕೈಗೆತ್ತಿಕೊಂಡೊಡನೆ ಮೊದಲು ನೋಡಬೇಕಾದುದು ಇದನ್ನು. ಅಕ್ಷರಗಳ ನಡುವೆ 3302 ಬಂದಿದ್ದರೆ ಅದು ಬಹುಮಟ್ಟಿಗೆ ತಪ್ಪೇ.

ಇನ್ನೊಂದು, ಚುಕ್ಕಿವೃತ್ತ ‘◌’ (9676). ಜ್ಯಾಮಿತೀಯ ಚಿಹ್ನೆಗಳಲ್ಲಿ ಕನ್ನಡ ಬರೆಯುವವರಿಗೆ ತೀರ ಹತ್ತಿರವಾದುದು ಇದೇ, ಹಲವರು ಇದನ್ನು ದೋಷವೆಂದೇ ತಿಳಿದಿದ್ದರೂ. ಸ್ವರಚಿಹ್ನೆಗೆ ಆಶ್ರಯವಾದ ವ್ಯಂಜನವಿಲ್ಲದಾಗ, ಅಥವಾ ಒಂದು ವ್ಯಂಜನಕ್ಕೆ ಎರಡು ಸ್ವರಚಿಹ್ನೆಗಳು ತಪ್ಪಾಗಿ ಸೇರಿದಾಗ ಯಂತ್ರ ತಾನೇ ಚುಕ್ಕಿವೃತ್ತವೊಂದನ್ನು ತೋರಿಸುತ್ತದೆ. ‘ಇಲ್ಲಿ ಒಂದು ವ್ಯಂಜನ ಇರಬೇಕಿತ್ತು’ ಎಂಬುದು ಅದರ ಅರ್ಥ. ಅದು ಕಡತದಲ್ಲಿ ಇರುವುದಿಲ್ಲ, ತೆರೆಯ ಮೇಲೆ ಮಾತ್ರ ಇರುತ್ತದೆ. ವ್ಯಾಕರಣ ಲೇಖನದಲ್ಲಿ ಕಾಗುಣಿತದ ಚಿಹ್ನೆಗಳನ್ನು ಬಿಡಿಯಾಗಿ ತೋರಿಸಬೇಕಾದಾಗ ಯಂತ್ರದ ಈ ಕೃಪೆಯನ್ನು ನೆಚ್ಚಿಕೊಳ್ಳಬಾರದು. ಒಂದು ಯಂತ್ರದಲ್ಲಿ ಕಂಡ ವೃತ್ತ ಇನ್ನೊಂದರಲ್ಲಿ ಕಾಣದಿರಬಹುದು. ಲೇಖಕನೇ ಮೊದಲು 9676ನ್ನು ಬರೆದು, ಅದರ ಮುಂದೆ ಸ್ವರಚಿಹ್ನೆಯನ್ನು ಬರೆದರೆ ◌ಾ, ◌ಿ, ◌ೆ ಎಂದು ಎಲ್ಲೆಡೆಯೂ ನಿಲ್ಲುತ್ತದೆ.

5

ಜಾಲಪುಟಗಳ ವಿಷಯಕ್ಕೆ ಬರೋಣ. ಛಂದಸ್ಸಿನ ಪಾಠದಲ್ಲಿ ಚಿಹ್ನೆ ಅಕ್ಷರದ ತಲೆಯ ಮೇಲೆ ಬರಬೇಕು. ಮುದ್ರಣದಲ್ಲಿ ಖಾಲಿಜಾಗಗಳನ್ನು ಒತ್ತಿ ಒತ್ತಿ ಹೊಂದಿಸುವುದುಂಟು. ಜಾಲಪುಟದಲ್ಲಿ ಆ ಹೊಂದಿಕೆ ಪರದೆಯ ಅಗಲ ಬದಲಾದೊಡನೆ ಕದಡುತ್ತದೆ. ಆಗ ಲಘು ಒಂದು ಅಕ್ಷರದ ಮೇಲಿದ್ದುದು ಮುಂದಿನ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಇದರಿಂದ ಬೇಸತ್ತು ಹಲವರು ಪಟ್ಟಿಯನ್ನು ಚಿತ್ರವಾಗಿ ಸೇರಿಸುತ್ತಾರೆ. ಚಿತ್ರವನ್ನು ಹುಡುಕಲಾಗದು, ತಿದ್ದಲಾಗದು, ದೃಷ್ಟಿ ಇಲ್ಲದವರಿಗೆ ಓದಿಹೇಳುವ ತಂತ್ರಾಂಶಕ್ಕೂ ದಕ್ಕದು.

ಇದಕ್ಕೆ ಸಿದ್ಧವಾದ ಪರಿಹಾರವೊಂದಿದೆ. ಜಪಾನೀ ಬರಹದಲ್ಲಿ ಕ್ಲಿಷ್ಟ ಅಕ್ಷರದ ಮೇಲೆ ಅದರ ಉಚ್ಚಾರವನ್ನು ಸಣ್ಣದಾಗಿ ಬರೆಯುವ ರೂಢಿಯಿದೆ. ಅದಕ್ಕಾಗಿ ‘ರೂಬಿ’ ಎಂಬ ಏರ್ಪಾಡನ್ನು ಡಬ್ಲ್ಯು3ಸಿ ಸಂಸ್ಥೆ 2001ರಲ್ಲಿ ಶಿಫಾರಸು ಮಾಡಿತು, ಮುಂದೆ ಅದು ಎಚ್‌ಟಿಎಂಎಲ್5ರಲ್ಲಿಯೂ ಸೇರಿತು. ಕನ್ನಡದ ಒಂದೊಂದು ಅಕ್ಷರಕ್ಕೂ ಅದರ ಲಘು ಅಥವಾ ಗುರುವನ್ನು ರೂಬಿಯಾಗಿ ಕಟ್ಟಿದರೆ ಪರದೆ ಎಷ್ಟೇ ಕಿರಿದಾದರೂ ಅವೆರಡೂ ಅಗಲುವುದಿಲ್ಲ. ಎಚ್ಚರವಿರಬೇಕಾದುದು ಅಕ್ಷರವನ್ನು ಒಡೆಯುವಲ್ಲಿ. ಹು-ಬ್ಬ-ಳ್ಳಿ ಎಂದು ಒಡೆದರೆ ಒತ್ತಕ್ಷರದ ಹಿಂದಿನ ಎರಡೂ ಗುರುವಾಗಿ – – ⏑ ಎಂಬ ತಗಣ ಸಿಗುತ್ತದೆ. ಧಾ-ರ-ವಾ-ಡ ಎಂಬುದು – ⏑ – ⏑. ಒತ್ತನ್ನು ಅದರ ಅಕ್ಷರದಿಂದ ಬೇರ್ಪಡಿಸಿ ‘ಹುಬ್’ ಎಂದು ಉಚ್ಚಾರದಂತೆ ಒಡೆದರೆ ಕನ್ನಡ ಲಿಪಿಯ ರೂಪವೇ ಕೆಡುತ್ತದೆ. ತರಗತಿಯಲ್ಲಿ ಬಾಯಿಮಾತಿನಲ್ಲಿ ಹಾಗೆ ಒಡೆದು ವಿವರಿಸುವುದು ಸರಿ, ಬರಹದಲ್ಲಿ ಸಲ್ಲದು.

ಅಲಂಕಾರದ ಚಿಹ್ನೆಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. ಅಧ್ಯಾಯಗಳ ನಡುವೆ ◆ ◆ ◆ ಎಂದು ಇಡುವುದು, ಪಟ್ಟಿಯ ಮೊದಲಿಗೆ ● ಅಥವಾ ■ ಹಾಕುವುದು ಅಂದಕ್ಕಾಗಿ. ಜಾಲಪುಟದಲ್ಲಿ ಇವನ್ನು ಪಠ್ಯದೊಳಗೆ ಬೆರಳಚ್ಚಿಸದೆ ಶೈಲಿಯ ಕಡತದಲ್ಲಿ ಸೂಚಿಸುವುದು ಉಚಿತ; ಇಲ್ಲವಾದರೆ ಓದಿಹೇಳುವ ತಂತ್ರಾಂಶ ಪ್ರತಿ ಸಾಲಿಗೂ ‘ಬ್ಲ್ಯಾಕ್ ಸರ್ಕಲ್’ ಎಂದು ಹೇಳುತ್ತ ಹೋಗಬಹುದು. ಪದಸಂಸ್ಕಾರಕದ ‘ವಿಂಗ್‌ಡಿಂಗ್ಸ್’, ‘ಸಿಂಬಲ್’ ಅಕ್ಷರವಿನ್ಯಾಸಗಳಿಂದ ಆರಿಸಿ ಹಾಕಿದ ಗುರುತುಗಳು ಯೂನಿಕೋಡಿನ ಖಾಸಗಿ ವಲಯದಲ್ಲಿ ಕೂರುವುದರಿಂದ ಅಕ್ಷರವಿನ್ಯಾಸ ಬದಲಾದೊಡನೆ ಅರ್ಥಹೀನವಾಗುತ್ತವೆ. ತ್ರಿಕೋನ ‘▶’ದಂಥ ಕೆಲವು ಜ್ಯಾಮಿತೀಯ ಚಿಹ್ನೆಗಳು ಈಗ ಎಮೋಜಿಗಳ ಸಾಲಿಗೂ ಸೇರಿವೆ. ಅಡಿಟಿಪ್ಪಣಿಯ ಗುರುತಾಗಿ ಗಂಭೀರವಾಗಿ ಇಟ್ಟ ತ್ರಿಕೋನ ಮೊಬೈಲಿನಲ್ಲಿ ಬಣ್ಣದ ಗುಂಡಿಯಾಗಿ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಅದರ ಮುಂದೆ 65038ನೆಯ ಅದೃಶ್ಯ ಸಂಕೇತವನ್ನು ಸೇರಿಸಿದರೆ ಸಾಮಾನ್ಯವಾಗಿ ಪಠ್ಯರೂಪಕ್ಕೆ ಮರಳುತ್ತದೆ.

ಪ್ರಬಂಧ ಬರೆಯುತ್ತಿರುವ ಗೆಳೆಯರಿಗೆ ಅನುಭವದಿಂದ ಒಂದು ಸೂಚನೆ. ಪೀಠಿಕೆಯಲ್ಲಿ ಸಂಕ್ಷೇಪಸೂಚಿಯನ್ನು ಕೊಡುವಂತೆಯೇ ಚಿಹ್ನಸೂಚಿಯನ್ನೂ ಕೊಟ್ಟು, ಪ್ರತಿ ಚಿಹ್ನೆಯ ಎದುರು ಅದರ ಯೂನಿಕೋಡ್ ಸಂಖ್ಯೆಯನ್ನು ಬರೆಯಬೇಕು. ಬೆರಳಚ್ಚು ಮಾಡುವವರಿಗೆ ಹಸ್ತಪ್ರತಿಯ ಜೊತೆ ಅದೇ ಹಾಳೆಯನ್ನು ಮೊದಲ ದಿನವೇ ಕೊಡಬೇಕು. ಈಗಾಗಲೇ ‘ಯು’ ಮತ್ತು ಕಿರುಗೆರೆಗಳಲ್ಲಿ ಬೆರಳಚ್ಚಾಗಿರುವ ಪ್ರಬಂಧವಾದರೆ, ಯೂನಿಕೋಡಿಗೆ ಪರಿವರ್ತಿಸುವ ಮೊದಲೇ ಪ್ರಸ್ತಾರಪಟ್ಟಿಗಳನ್ನು ಬೇರೆ ಕಡತಕ್ಕೆ ತೆಗೆದಿಟ್ಟು, ಅಲ್ಲಿ ‘ಯು’ಗಳನ್ನು 9169ಕ್ಕೂ ಕಿರುಗೆರೆಗಳನ್ನು 8211ಕ್ಕೂ ಬದಲಿಸಿ, ಉಳಿದ ಪಠ್ಯ ಪರಿವರ್ತನೆಯಾದ ಮೇಲೆ ಮರಳಿ ಸೇರಿಸಬೇಕು. ಪರಿವರ್ತಿಸಿದ ಮೇಲೆ ಬದಲಿಸಹೊರಟರೆ ‘ಭಾರತ-ಪಾಕಿಸ್ತಾನ’ದ ನಡುವಿನ ಕಿರುಗೆರೆಯೂ ಗುರುವಾಗುತ್ತದೆ.